ಒಂಬತ್ತನೇ ನಿಯಮ

ಫೈಲಕ್ಕ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಚರಿತ್ರೆ ಬರೆಯುವ ಕೆಲಸ ಅವಳ ಕೊರಳಿಗೆ ಬಿದ್ದಾಗಿತ್ತು. ಸ್ವತಂತ್ರ ಭಾಷಾ ಶಾಲೆಗಳ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಮುಂದಿನ ವರ್ಷ ಐವತ್ತು ತುಂಬುತ್ತದೆ, ಒಂದು ಪುಸ್ತಕವಾದರೂ ಬೇಡವೇ ಎಂದು ಸಮಿತಿಯಲ್ಲಿ ಯಾರೋ ಕೇಳಿದರು. ಬೇಕೇ ಬೇಕು ಎಂದು ಎಲ್ಲರೂ ಅಂದರು. ಬರೆಯುವವರು ಯಾರು ಎಂಬ ಪ್ರಶ್ನೆ ಬಂದ ಕೂಡಲೇ ಒಬ್ಬರಿಗೆ ಕನ್ನಡಕ ಒರೆಸುವ ಕೆಲಸ ನೆನಪಾಯಿತು, ಇನ್ನೊಬ್ಬರಿಗೆ ಫೋನು ಬಂತು, ಮಿಕ್ಕವರೆಲ್ಲ ಫೈಲಕ್ಕನ ಮುಖ ನೋಡಿದರು. ಮೂವತ್ತು ವರ್ಷದಿಂದ ಒಕ್ಕೂಟದ ಕಾರ್ಯದರ್ಶಿ ಅವಳೇ. ಯಾವ ಕಾಗದ ಯಾವ ಬೀರುವಿನ ಎಷ್ಟನೇ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವಳು. ಆ ಹೆಸರು ಅವಳಿಗೆ ಸುಮ್ಮನೆ ಅಂಟಿಕೊಂಡದ್ದಲ್ಲ.

ಒಕ್ಕೂಟದ ಕಚೇರಿ ಎಂದರೆ ದೊಡ್ಡ ಕಟ್ಟಡವೇನೋ ಎಂದುಕೊಳ್ಳಬೇಡಿ. ಬೀಗದ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಅವಳ ಅಪ್ಪ ಶುರು ಮಾಡಿದ ಭಾಷಾ ಶಾಲೆಯಿದೆ. ಅದರ ಹಿಂಭಾಗದ ಒಂದು ಕೋಣೆ, ಮೂರು ಬೀರು, ಒಂದು ಮೇಜು, ಮುದುಕನ ಹಾಗೆ ಕೆಮ್ಮುವ ಒಂದು ಪ್ರಿಂಟರು. ಕೆಳಗಿನ ಅಂಗಡಿಯಲ್ಲಿ ಕೀಲಿಕೈ ಉಜ್ಜುವ ಯಂತ್ರ ಕಿರ್ರೆಂದರೆ ಮೇಲೆ ಮೇಜಿನ ಮೇಲಿನ ಗಾಜು ನಡುಗುತ್ತದೆ. ಶಾಲೆಯನ್ನು ಈಗ ನಡೆಸುತ್ತಿರುವವಳು ಅವಳ ಅಣ್ಣನ ಮಗಳು. ಅಣ್ಣನಿಗೆ ಶಾಲೆಯ ಗೊಡವೆಯೇ ಬೇಡವಾಗಿತ್ತು, ಮಗಳಿಗೆ ಅದೇ ಬೇಕಾಯಿತು. ಸದಾ ಜಡೆಗೊಂದು ಪೆನ್ನು ಸಿಕ್ಕಿಸಿಕೊಂಡು, ಅದನ್ನೇ ಮನೆಯೆಲ್ಲ ಹುಡುಕುವ ಹುಡುಗಿ. ಫೈಲಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟದ ಮಗಳೇ ಅವಳು.

"ಅತ್ತೆ, ನೀನು ಬರೆದ್ರೆ ಅದು ಚರಿತ್ರೆ ಆಗಲ್ಲ, ಸುತ್ತೋಲೆ ಆಗುತ್ತೆ," ಎಂದು ಅವಳು ಮೊದಲ ದಿನವೇ ಕಾಲೆಳೆದಳು. "ಸ್ವಲ್ಪ ಉಪ್ಪು ಖಾರ ಹಾಕು."

ಉಪ್ಪು ಖಾರಕ್ಕೆ ಕೊರತೆಯಿರಲಿಲ್ಲ. ಒಕ್ಕೂಟ ಹುಟ್ಟಿದ್ದೇ ಸಿಟ್ಟಿನಲ್ಲಿ. ಐವತ್ತು ವರ್ಷದ ಹಿಂದೆ ಪಠ್ಯಪುಸ್ತಕ ಮಾರುವವರ ಒಂದು ದೊಡ್ಡ ಪ್ರದರ್ಶನದಲ್ಲಿ ಒಂದು ಕಂಪನಿಯವರು ವೇದಿಕೆ ಹತ್ತಿ, ನಲವತ್ತು ನಗರಗಳಲ್ಲಿ ನಲವತ್ತು ಭಾಷಾ ಶಾಲೆ ತೆರೆಯುತ್ತೇವೆ, ಎಲ್ಲ ಕಡೆಯೂ ಒಂದೇ ಪುಸ್ತಕ, ಒಂದೇ ಪಾಠ, ಗೋಡೆಗೂ ಒಂದೇ ಬಣ್ಣ ಎಂದು ಹೆಮ್ಮೆಯಿಂದ ಸಾರಿದರು. ಸಭಿಕರು ಚಪ್ಪಾಳೆ ತಟ್ಟಿದರು. ಹಿಂದೆ ಚಹದ ಕೌಂಟರಿನ ಬಳಿ ನಿಂತಿದ್ದ ಏಳು ಜನ ತಟ್ಟಲಿಲ್ಲ. ಏಳು ದೇಶದ ಏಳು ಜನ, ಒಬ್ಬರಿಗೊಬ್ಬರು ಗುರುತಿಲ್ಲ. ಎಲ್ಲರದೂ ಎರಡು ಮೂರು ಕೋಣೆಯ ಸ್ವಂತ ಶಾಲೆ. ಅವರಲ್ಲಿ ಒಬ್ಬ ಫೈಲಕ್ಕನ ಅಪ್ಪ. ಗೋಡೆಯ ಬಣ್ಣದ ಮಾತಿಗೆ ಅಪ್ಪನ ಪಿತ್ತ ನೆತ್ತಿಗೇರಿತಂತೆ. ಚಹ ಆರುವ ಮೊದಲೇ ಏಳು ಜನರೂ ಒಂದಾದರು.

ಮೊದಲ ನಿಯಮ ಅಲ್ಲೇ ಹುಟ್ಟಿತು: ಶಾಲೆಯ ಯಜಮಾನ ವಾರಕ್ಕೆ ಆರು ಗಂಟೆಯಾದರೂ ಅದೇ ಶಾಲೆಯಲ್ಲಿ ಪಾಠ ಹೇಳಬೇಕು. ಹೇಳದವನಿಗೆ ಒಕ್ಕೂಟದಲ್ಲಿ ಜಾಗವಿಲ್ಲ. ಎರಡನೆಯದು, ಪ್ರತಿ ಶಾಲೆಯೂ ತನ್ನ ಪಾಠವನ್ನು ತಾನೇ ಬರೆದುಕೊಳ್ಳಬೇಕು. ನಾಲ್ಕು, ಐದು, ಆರು ಎಂದು ಹಾಗೇ ಬೆಳೆಯುತ್ತಾ ಹೋದವು. ಏಳನೆಯದು ಮಾತ್ರ ಸ್ವಲ್ಪ ವಿಚಿತ್ರ: ಒಕ್ಕೂಟದ ಪತ್ರಗಳಲ್ಲಿ ಹೆಸರು ಹಾಕಕೂಡದು, ಹುದ್ದೆ ಮಾತ್ರ. ಮೊದಲ ಅಧ್ಯಕ್ಷರಿಗೆ ತಮ್ಮ ಹೆಸರನ್ನು ದೊಡ್ಡದಾಗಿ ಬರೆಯುವ ಚಪಲವಿತ್ತು, ಅದನ್ನು ನಿಲ್ಲಿಸಲು ಮಿಕ್ಕವರು ಮಾಡಿದ ಉಪಾಯವಂತೆ ಅದು. ಅಧ್ಯಕ್ಷರು ಹೋದರು, ನಿಯಮ ಉಳಿಯಿತು. ಇವತ್ತಿಗೂ ಪತ್ರದ ಕೊನೆಗೆ "ಕಾರ್ಯದರ್ಶಿ" ಎಂದಷ್ಟೇ ಇರುತ್ತದೆ, ವಿಳಾಸದ ಜಾಗದಲ್ಲಿ ಅಂಚೆ ಪೆಟ್ಟಿಗೆಯ ನಂಬರು ಮತ್ತು ಊರು.

ಆದರೆ ಒಕ್ಕೂಟಕ್ಕೆ ಹೆಸರು ತಂದದ್ದು ಮೂರನೇ ನಿಯಮ. ಅದು ಅಪ್ಪನ ತಲೆಯಿಂದ ಬಂದದ್ದು. ಐದು ವರ್ಷಕ್ಕೊಮ್ಮೆ ಪ್ರತಿ ಶಾಲೆಗೂ ಇನ್ಸ್‌ಪೆಕ್ಷನ್ ಆಗಬೇಕು. ಬರುವವರು ಇನ್ನೊಂದು ದೇಶದ ಶಾಲೆಯ ಮೇಷ್ಟ್ರಾಗಿರಬೇಕು. ಆ ಶಾಲೆ ಕಲಿಸುವ ಭಾಷೆಯ ಗಂಧಗಾಳಿಯೂ ಅವರಿಗೆ ಇರಕೂಡದು. ಬಂದವರು ಸೋಮವಾರದಿಂದ ಶನಿವಾರದವರೆಗೆ ಮೊದಲನೇ ತರಗತಿಯಲ್ಲಿ, ಏನೂ ಬಾರದವರ ನಡುವೆ, ತಾವೂ ಏನೂ ಬಾರದವರಾಗಿ ಕೂರಬೇಕು. ಆ ಆರು ದಿನ ಶಾಲೆಯವರೊಡನೆ ಬೇರೆ ಯಾವ ಭಾಷೆಯನ್ನೂ ಆಡುವಂತಿಲ್ಲ. ಶನಿವಾರ ವರದಿಯ ಮೊದಲ ಪುಟವನ್ನು ಹೊಸದಾಗಿ ಕಲಿತ ಆ ಭಾಷೆಯಲ್ಲೇ, ಬಂದಷ್ಟು ಮಾತಿನಲ್ಲಿ ಬರೆದು, ಶಾಲೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಪಾಠ ಹೇಗಿದೆ ಎಂದು ತಿಳಿಯಬೇಕಾದರೆ ಪಾಠ ಹೇಳಿಸಿಕೊಂಡವನನ್ನು ಕೇಳಬೇಕು ಎಂದು ಅಪ್ಪ ಹೇಳುತ್ತಿದ್ದ.

ಇದನ್ನೆಲ್ಲ ಫೈಲಕ್ಕ ಎರಡೇ ತಿಂಗಳಲ್ಲಿ ಬರೆದು ಮುಗಿಸಿದಳು. ಎಂಟನೇ ನಿಯಮದವರೆಗೂ ಪೆನ್ನು ನೀರು ಹರಿದಂತೆ ಹರಿಯಿತು. ಒಂಬತ್ತಕ್ಕೆ ಬಂದು ನಿಂತಿತು. ಮೂರು ವಾರ ನಿಂತೇ ಇತ್ತು. ಮುದ್ರಣದವನು ಎರಡು ಸಲ ಫೋನು ಮಾಡಿದ. ಅಣ್ಣನ ಮಗಳು ದಿನಕ್ಕೊಮ್ಮೆ ಇಣುಕಿ, ಒಂಬತ್ತು ಆಯಿತೇ ಎಂದು ಕೇಳುತ್ತಿದ್ದಳು. ಫೈಲಕ್ಕ ಮೊದಲು ಕಣ್ಣು ನೋವು ಎಂದಳು, ಆಮೇಲೆ ಒಂದು ಕಡತ ಸಿಗುತ್ತಿಲ್ಲ ಎಂದಳು. ಫೈಲಕ್ಕನಿಗೆ ಕಡತ ಸಿಗುತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಅಣ್ಣನ ಮಗಳೂ ನಂಬಲಿಲ್ಲ, ಕೆದಕಲೂ ಇಲ್ಲ.

ಒಂಬತ್ತನೇ ನಿಯಮ ಇಷ್ಟೇ: ಒಂದು ಶಾಲೆಗೆ ಒಮ್ಮೆ ಇನ್ಸ್‌ಪೆಕ್ಷನ್‌ಗೆ ಹೋದವರು ಮತ್ತೆಂದೂ ಅದೇ ಶಾಲೆಗೆ ಹೋಗಕೂಡದು. ಹದಿನೆಂಟನೇ ವರ್ಷದ ಮಹಾಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಇಷ್ಟನ್ನು ಬರೆಯಲು ಒಂದು ನಿಮಿಷ ಸಾಕು. ಅದರ ಹಿಂದಿದ್ದದ್ದನ್ನು ಬರೆಯಲು ಅವಳಿಗೆ ಕೈ ಬರಲಿಲ್ಲ. ಬಿಟ್ಟು ಮುಂದೆ ಹೋಗಲೂ ಕೈ ಬರಲಿಲ್ಲ.

ಅದರ ಹಿಂದಿದ್ದದ್ದು ಒಬ್ಬರು ಮೇಷ್ಟ್ರು. ದೂರದ ಒಂದು ಬಂದರಿನ ಊರಿನಲ್ಲಿ ಅವರ ಶಾಲೆಯಿತ್ತು. ಹಾಗಾಗಿ ಇಲ್ಲಿ ಎಲ್ಲರೂ ಅವರನ್ನು ಬಂದರಿನ ಮೇಷ್ಟ್ರು ಎನ್ನುತ್ತಿದ್ದರು. ಅವರು ಇನ್ಸ್‌ಪೆಕ್ಷನ್‌ಗೆ ಬಂದಾಗ ಅವರಿಗೆ ಮೂವತ್ತೆಂಟು, ಮೊದಲನೇ ತರಗತಿಗೆ ಪಾಠ ಹೇಳುತ್ತಿದ್ದ ಫೈಲಕ್ಕನಿಗೆ ಇಪ್ಪತ್ತೊಂಬತ್ತು. ಆಗ ಅವಳನ್ನು ಯಾರೂ ಫೈಲಕ್ಕ ಎನ್ನುತ್ತಿರಲಿಲ್ಲ. ನಗುವಿನ ಟೀಚರು ಎನ್ನುತ್ತಿದ್ದರು. ಈಗ ಹೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ, ಬಿಡಿ.

ತರಗತಿಯಲ್ಲಿ ಹನ್ನೆರಡು ಜನ: ಇಬ್ಬರು ಅಡುಗೆಯವರು, ಒಬ್ಬಳು ನರ್ಸು, ಗಂಡನ ಕೆಲಸದ ಹಿಂದೆ ಬಂದು ಅಂಗಡಿಯಲ್ಲಿ ಕೈಸನ್ನೆ ಮಾಡಿ ಸೋತ ಮೂವರು ಹೆಂಗಸರು, ಹೀಗೆ. ಹಿಂದಿನ ಬೆಂಚಿನಲ್ಲಿ ಬಂದರಿನ ಮೇಷ್ಟ್ರು, ಉದ್ದನೆಯ ಕಾಲು ಡೆಸ್ಕಿಗೆ ತಾಗಿ ಟಕ್ ಎನ್ನುತ್ತಿತ್ತು. ಸೋಮವಾರ ಕಿಟಕಿ, ಬಾಗಿಲು, ಕುರ್ಚಿ. ಮಂಗಳವಾರ ದೊಡ್ಡದು, ಚಿಕ್ಕದು, ಒಳ್ಳೆಯದು. ತಮ್ಮ ಶಾಲೆಯಲ್ಲಿ ಹದಿನೈದು ವರ್ಷ ಪಾಠ ಹೇಳಿದ ಮನುಷ್ಯ ಇಲ್ಲಿ ಕಿಟಕಿ ಎಂದು ಸರಿಯಾಗಿ ಅಂದದ್ದಕ್ಕೆ ಸುತ್ತ ನೋಡಿ ಬೀಗುತ್ತಿದ್ದರು. ಟೀಚರು ಚೆನ್ನಾಗಿದೆ ಎಂದರೆ ಕಿವಿಯವರೆಗೂ ಕೆಂಪಾಗುತ್ತಿದ್ದರು.

ಬುಧವಾರದಿಂದ ತರಗತಿ ಮುಗಿದ ಮೇಲೂ ಪಾಠ ಮುಂದುವರಿಯಿತು. ಬೀದಿಯಲ್ಲಿ ನಡೆಯುತ್ತಾ ಕಂಡದ್ದಕ್ಕೆಲ್ಲ ಹೆಸರು ಕೇಳುವುದು. ಇದು ಏನು? ಇದು ಮರ. ಅದು ಏನು? ಅದೂ ಮರವೇ. ಮರ ಒಳ್ಳೆಯದು. ಹೌದು, ಮರ ಒಳ್ಳೆಯದು. ಬೇರೆ ಭಾಷೆ ಆಡಲು ನಿಯಮ ಬಿಡದು, ಈ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ಎಪ್ಪತ್ತೋ ಎಂಬತ್ತೋ ಮಾತು. ಪ್ರೀತಿಯಲ್ಲಿ ಬಿದ್ದವರು ಎಷ್ಟು ಮಾತು ಬಂದರೂ ಆಡುವುದು ಇಂಥದ್ದನ್ನೇ. ಇವರಿಗೆ ಪಾಠವೆಂಬ ನೆಪವಾದರೂ ಇತ್ತು. ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತು ಅವರು ಬಸ್ಸುಗಳನ್ನು ಎಣಿಸುವುದು ಕಲಿತರು. ಇಪ್ಪತ್ತರವರೆಗೆ ಕಲಿತ ಮೇಲೂ ಬೇಕೆಂದೇ ಹದಿನಾಲ್ಕರಲ್ಲಿ ತಪ್ಪುತ್ತಿದ್ದರು. ಅವಳಿಗದು ಗೊತ್ತಾಗಿತ್ತು. ಗೊತ್ತಾಗದವಳ ಹಾಗೆ ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದಳು.

ಶನಿವಾರ ಖಾಲಿ ತರಗತಿಯಲ್ಲಿ ಕೂತು ಅವರು ಮೊದಲ ಪುಟ ಬರೆದರು. ಬರೆದು ಲಕೋಟೆಗೆ ಹಾಕಿ ಅಂಟಿಸಿದರು. ಅದನ್ನು ತೆರೆಯುವ ಅಧಿಕಾರ ಮಹಾಸಭೆಗೆ ಮಾತ್ರ. ಪೆಟ್ಟಿಗೆ ಹಿಡಿದು ಬಾಗಿಲವರೆಗೆ ಬಂದು ನಿಂತರು. ಏನೋ ಹೇಳಬೇಕೆಂದು ಒದ್ದಾಡಿದರು. ಕೊನೆಗೆ ಬಾಗಿಲನ್ನೇ ತೋರಿಸಿ, "ಬಾಗಿಲು ಒಳ್ಳೆಯದಲ್ಲ," ಎಂದು, ಮೆಟ್ಟಿಲಿಳಿದು ಹೋದರು. ಅವಳು ಕಿಟಕಿಯಿಂದ ನೋಡಿದಳು. ಬೀಗದ ಅಂಗಡಿಯ ಮುಂದೆ ನಿಂತು ಅವರೂ ಮೇಲೆ ನೋಡಿದರು.

ಮಹಾಸಭೆ ಎಂಟು ತಿಂಗಳ ಮೇಲೆ, ಇನ್ನೊಂದು ದೇಶದಲ್ಲಿ. ಅಪ್ಪನಿಗೆ ಮಂಡಿನೋವು, ಜೊತೆಗೆ ಒಬ್ಬರು ಬೇಕು ಎಂಬ ನೆಪ ಹೂಡಿ ಅವಳೂ ಹೊರಟಳು. ಹೊಸ ಕೋಟು ಹೊಲಿಸಿಕೊಂಡಳು. ಆ ಎಂಟು ತಿಂಗಳು ಅವಳು ಬಸ್‌ಸ್ಟಾಪಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋದವಳೇ ಅಲ್ಲ. ಸಭಾಂಗಣದಲ್ಲಿ ಮೂವತ್ತಾರು ಶಾಲೆಯವರು. ಮೂರನೇ ಸಾಲಿನಲ್ಲಿ ಬಂದರಿನ ಮೇಷ್ಟ್ರು ಕೂತಿದ್ದರು, ಅವಳು ಒಳಗೆ ಬಂದದ್ದೇ ಎದ್ದು ನಿಂತುಬಿಟ್ಟರು. ಅವರ ಪಕ್ಕದವರು ಯಾರೋ ಅಧ್ಯಕ್ಷರು ಬಂದರೆಂದು ತಾವೂ ಎದ್ದರು.

ಊಟದ ಮೇಲೆ ಮೊದಲ ಪುಟಗಳನ್ನು ಓದುವ ಕಾರ್ಯಕ್ರಮ. ಎಲ್ಲರಿಗೂ ಅದು ಮೆಚ್ಚಿನ ಹೊತ್ತು. ದೊಡ್ಡ ದೊಡ್ಡ ಮೇಷ್ಟ್ರುಗಳು ಮೂರು ವರ್ಷದ ಮಕ್ಕಳ ಹಾಗೆ ಬರೆದದ್ದನ್ನು ಕೇಳಿ ನಗುವುದು. ಅಧ್ಯಕ್ಷರು ಒಂದೊಂದೇ ಲಕೋಟೆ ಒಡೆದು ಓದಿದರು, ಪಕ್ಕದಲ್ಲಿದ್ದವರು ಅರ್ಥ ಹೇಳಿದರು. ಬಂದರಿನ ಮೇಷ್ಟ್ರ ಪುಟ ಹೀಗಿತ್ತು: "ಇದು ಕಿಟಕಿ. ಕಿಟಕಿ ದೊಡ್ಡದು. ಇವರು ಟೀಚರು. ಟೀಚರು ಒಳ್ಳೆಯವರು. ನಾಳೆ ಕಿಟಕಿ ಇದೆ. ನಾಳೆ ಟೀಚರು ಇದ್ದಾರೆ. ನಾಳೆ ನಾನು ಇಲ್ಲ."

ಯಾರೂ ನಗಲಿಲ್ಲ. ಆಮೇಲೆ ದಪ್ಪ ಕನ್ನಡಕದ ಒಬ್ಬ ಹೆಡ್‌ಮಾಸ್ಟರು ಎದ್ದು, ಇದು ಇನ್ಸ್‌ಪೆಕ್ಷನ್ ವರದಿಯೋ ಪ್ರೇಮಪತ್ರವೋ, ಈ ಶಾಲೆಗೆ ಹತ್ತಕ್ಕೆ ಒಂಬತ್ತೂವರೆ ಅಂಕ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು ಎಂದ. ಆಗ ನಕ್ಕರು. ಇಡೀ ಸಭಾಂಗಣ ನಕ್ಕಿತು. ಫೈಲಕ್ಕ ಅಪ್ಪನ ಮುಖ ನೋಡಿದಳು. ಹದಿನೆಂಟು ವರ್ಷ ನೀರೆರೆದು ಬೆಳೆಸಿದ ಒಕ್ಕೂಟ, ಸ್ವಂತ ಬುದ್ಧಿಯಿಂದ ಹುಟ್ಟಿದ ಮೂರನೇ ನಿಯಮ, ಅದೇ ಸಭೆಯಲ್ಲಿ ತನ್ನ ಶಾಲೆಯ ಅಂಕ ಮಗಳ ಮುಖ ನೋಡಿ ಬಂದದ್ದು ಎನ್ನಿಸಿಕೊಳ್ಳಬೇಕಾಯಿತು. ಅಪ್ಪ ತಲೆ ತಗ್ಗಿಸಿದ್ದ. ಅಪ್ಪ ತಲೆ ತಗ್ಗಿಸಿದ್ದನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವಳು ಎದ್ದು ನಿಂತಳು. ಇಂಥ ಅನುಮಾನ ಮುಂದೆ ಯಾರ ಮೇಲೂ ಬರಬಾರದು, ಒಮ್ಮೆ ಬಂದವರು ಅದೇ ಶಾಲೆಗೆ ಮತ್ತೆ ಬರಕೂಡದು ಎಂದು ಒಂಬತ್ತನೇ ನಿಯಮ ಮಾಡಿ ಎಂದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಮೂರನೇ ಸಾಲಿಗೆ ಹೋಗಿತ್ತು. ಅವರು ಬೇಡ ಎನ್ನುತ್ತಾರೆ, ಒಬ್ಬರು ವಿರುದ್ಧ ನಿಂತರೂ ಹೊಸ ನಿಯಮ ಆಗುವಂತಿಲ್ಲ, ಅಪ್ಪನ ಮಾನವೂ ಉಳಿಯುತ್ತದೆ, ನಿಯಮವೂ ಬೀಳುತ್ತದೆ ಎಂದು ಆ ಅರೆನಿಮಿಷದಲ್ಲಿ ಅವಳ ಹುಚ್ಚು ಮನಸ್ಸು ಲೆಕ್ಕ ಹಾಕಿತ್ತು. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಸಭಾಂಗಣದಲ್ಲಿ ಮೊದಲು ಮೇಲೆದ್ದದ್ದು ಬಂದರಿನ ಮೇಷ್ಟ್ರ ಕೈ.

ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಅವರು ರೈಲಿಗೆ ಹೊರಟುಹೋಗಿದ್ದರು.

ಬರಬೇಕೆಂದಿದ್ದರೆ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಯಮ ಇನ್ಸ್‌ಪೆಕ್ಷನ್‌ಗೆ ಮಾತ್ರ. ಟಿಕೆಟು ಕೊಂಡು ಅತಿಥಿಯಾಗಿ ಬರುವವರನ್ನು ಯಾವ ನಿಯಮ ತಡೆಯುತ್ತದೆ? ಅವಳೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಬಾರದೆ ಇದ್ದಾಗ, ಮೊದಲ ಕೈ ಎತ್ತಿದವರಲ್ಲವೇ ಎಂದುಕೊಂಡಳು. ಮಾರನೆಯ ವರ್ಷ ಮೊದಲನೇ ತರಗತಿಯನ್ನು ಇನ್ನೊಬ್ಬ ಮೇಷ್ಟ್ರಿಗೆ ಒಪ್ಪಿಸಿದಳು. ಕಿಟಕಿ, ಬಾಗಿಲು, ಕುರ್ಚಿ ಎಂದು ಹೊಸಬರ ಮುಂದೆ ಹೇಳುವುದು ಅವಳಿಂದಾಗಲಿಲ್ಲ. ಕಾರ್ಯದರ್ಶಿ ಸ್ಥಾನ ಖಾಲಿಯಾದಾಗ ಅದನ್ನು ಹಿಡಿದು ಹಿಂದಿನ ಕೋಣೆ ಸೇರಿದಳು. ಎರಡು ಕಡೆಯಿಂದ ಸಂಬಂಧ ಬಂದವು. ನೋಡೋಣ ಎಂದಳು. ಅಪ್ಪನೂ ನೋಡೋಣ ಎಂದ. ನೋಡುತ್ತಾ ನೋಡುತ್ತಾ ಅಪ್ಪ ಹೋದ.

ಬಂದರಿನ ಮೇಷ್ಟ್ರು ಮತ್ತೆ ಯಾವ ಮಹಾಸಭೆಗೂ ಬರಲಿಲ್ಲ, ತಮ್ಮ ಬದಲು ಸಹಾಯಕರನ್ನು ಕಳಿಸುತ್ತಿದ್ದರು. ಒಕ್ಕೂಟದ ಕಾಗದ ಕಂಡರೆ ಅವರಿಗೆ ಆಗದು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಎಷ್ಟು ವಿದ್ಯಾರ್ಥಿಗಳು, ಎಷ್ಟು ಶಿಕ್ಷಕರು ಎಂದು ವರ್ಷಕ್ಕೊಮ್ಮೆ ತುಂಬಿ ಕಳಿಸಬೇಕಾದ ನಮೂನೆ ಹನ್ನೆರಡನ್ನು ಕಳಿಸದೆ ಸತಾಯಿಸುವವರಲ್ಲಿ ಬಂದರಿನ ಶಾಲೆಯೇ ಮೊದಲು. ಕೊನೆಗೊಮ್ಮೆ ಬಂದರೂ ಅದರಲ್ಲಿರುವುದು ಗುಮಾಸ್ತರ ಅಕ್ಷರ. ಅದೇ ತನಗೆ ಉತ್ತರ ಎಂದು ಫೈಲಕ್ಕ ತಿಳಿದಿದ್ದಳು. ಹಾಗೆಂದು ಆಸೆ ಬಿಟ್ಟಿತೇ? ಬಂದರಿನ ಅಂಚೆಮುದ್ರೆಯಿದ್ದ ಲಕೋಟೆಯನ್ನು ಅವಳು ಯಾವಾಗಲೂ ಎಲ್ಲಕ್ಕಿಂತ ಕೊನೆಗೆ ಒಡೆಯುತ್ತಿದ್ದಳು. ಒಡೆಯುವವರೆಗಾದರೂ ಒಳಗೆ ಏನೋ ಇರಬಹುದಲ್ಲ.

ಚರಿತ್ರೆಯ ಕೊನೆಗೆ ಹಳಬರ ನೆನಪುಗಳನ್ನು ಹಾಕೋಣ ಎಂದದ್ದು ಅಣ್ಣನ ಮಗಳು. ಎಲ್ಲ ಹಳೆಯ ಸದಸ್ಯರಿಗೂ ಒಂದೊಂದು ಪತ್ರ ಹೋಯಿತು: ನಿಮ್ಮ ಮನಸ್ಸಿನಲ್ಲಿ ಉಳಿದ ಒಂದು ಘಟನೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿ, ಇಂತಿ, ಕಾರ್ಯದರ್ಶಿ. ಹದಿನಾಲ್ಕು ಉತ್ತರ ಬಂದವು. ಫೈಲಕ್ಕ ಒಂಬತ್ತನೇ ನಿಯಮದ ಮುಂದೆ ಕೂತಿದ್ದ ಮೂರನೇ ವಾರ ಹದಿನೈದನೆಯದು ಬಂತು. ಬಂದರಿನ ಅಂಚೆಮುದ್ರೆ, ಗುಮಾಸ್ತರದಲ್ಲದ ಅಕ್ಷರ. ಒಳಗಿದ್ದದ್ದು ಅವಳದೇ ಭಾಷೆ.

"ಮಾನ್ಯ ಕಾರ್ಯದರ್ಶಿಯವರೇ, ತಾವು ಒಂದು ಘಟನೆಯನ್ನು ಕೇಳಿದ್ದೀರಿ. ನನ್ನ ಬಳಿ ಇರುವುದು ಒಂದೇ. ತಮ್ಮ ಊರಿನ ಶಾಲೆಯಲ್ಲಿ ನಾನು ಆರು ದಿನ ವಿದ್ಯಾರ್ಥಿಯಾಗಿದ್ದೆ. ಆರು ದಿನ ಅಲ್ಲಿಯ ಟೀಚರು ಕಲಿಸಿದರು. ಉಳಿದದ್ದನ್ನು ಮೂವತ್ತೆರಡು ವರ್ಷ ಪುಸ್ತಕ ನೋಡಿ ಒಬ್ಬನೇ ಕಲಿತೆ. ತಪ್ಪಿದ್ದರೆ ಅದು ಪುಸ್ತಕದ್ದು, ಅವರದಲ್ಲ. ಒಂಬತ್ತನೇ ನಿಯಮಕ್ಕೆ ಮೊದಲು ಕೈ ಎತ್ತಿದವನು ನಾನು. ಅವರು ನನ್ನನ್ನು ನೋಡುತ್ತಾ ಅದನ್ನು ಕೇಳಿದರು. ಅವರು ಏನು ಕೇಳಿದರೂ ಕೊಡಬೇಕೆಂದು ನಾನು ಎಂಟು ತಿಂಗಳಿಂದ ಕಾಯುತ್ತಿದ್ದೆ. ಅವರು ಕೇಳಿದ್ದು, ನಾನು ಬರಬಾರದು ಎಂದು. ಕೊಟ್ಟೆ. ಆಮೇಲೆ ಅಲ್ಲಿಗೆ ಇನ್ಸ್‌ಪೆಕ್ಷನ್‌ಗೆ ಹೋದವರನ್ನು ಕೇಳಿದಾಗ ಆ ತರಗತಿಯಲ್ಲಿ ಬೇರೊಬ್ಬರಿದ್ದಾರೆ ಎಂದು ತಿಳಿಯಿತು. ಅವರು ಮದುವೆಯಾಗಿ ಎಲ್ಲಿಗೋ ಹೋಗಿರಬೇಕೆಂದುಕೊಂಡೆ. ತಮ್ಮ ಕಚೇರಿ ಅದೇ ಊರಿನಲ್ಲಿರುವುದರಿಂದ ಕೇಳುತ್ತಿದ್ದೇನೆ: ಅವರು ಎಲ್ಲಿದ್ದಾರೆಂದು ತಮ್ಮ ಕಡತಗಳಲ್ಲಿ ಇದ್ದರೆ ತಿಳಿಸುವಿರಾ? ನಾನು ಬಂದು ತೊಂದರೆ ಕೊಡುವೆನೆಂಬ ಭಯ ಬೇಡ. ಹೃದಯದ ವೈದ್ಯರು ಎರಡು ವರ್ಷದಿಂದ ನನ್ನನ್ನು ಈ ಊರು ಬಿಡಲು ಬಿಡುತ್ತಿಲ್ಲ. ಕ್ಷೇಮವಾಗಿದ್ದಾರೆಂದು ತಿಳಿದರೆ ಸಾಕು. ಈ ಪತ್ರವನ್ನು ಪುಸ್ತಕದಲ್ಲಿ ಹಾಕಬೇಡಿ."

ಫೈಲಕ್ಕ ಅದನ್ನು ಎಷ್ಟು ಸಲ ಓದಿದಳೋ. ಅಷ್ಟರಲ್ಲಿ ಅಣ್ಣನ ಮಗಳು ಬಂದು, ಅವಳ ಕೈಯಿಂದ ಹಾಳೆ ಎಳೆದುಕೊಂಡು, ನಿಂತಲ್ಲೇ ಓದಿದಳು. ಪುಸ್ತಕದ ಜೀವ ಇದರಲ್ಲಿದೆ, ಹೇಗಾದರೂ ಒಪ್ಪಿಸಿ ಹಾಕೋಣ, ಮೊದಲು ಆ ಟೀಚರನ್ನು ಹುಡುಕೋಣ ಎಂದು ಉತ್ಸಾಹದಲ್ಲಿ ಬಡಬಡಿಸಿದಳು. ಆ ವರ್ಷದ ಹಾಜರಿ ಪುಸ್ತಕ ತೆಗೆಯಲು ಬೀರುವಿನ ಕಡೆ ಹೋದವಳು ಅರ್ಧದಲ್ಲಿ ನಿಂತಳು. ತಿರುಗಿ ನೋಡಿದಳು. ಅತ್ತೆ ಕೂತ ಕಡೆಯೇ ಕೂತಿದ್ದಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಳು.

"ಅತ್ತೆ," ಎಂದಳು ಅವಳು ಮೆಲ್ಲಗೆ, "ಆ ವರ್ಷ ಮೊದಲನೇ ತರಗತಿ ಯಾರು ತ​ಗೋತಿದ್ರು?"

ಹುಡುಗಿ ಪತ್ರವನ್ನು ಮಡಿಚಿ ಅವಳ ಮುಂದಿಟ್ಟು, ಇದಕ್ಕೆ ಕಾರ್ಯದರ್ಶಿ ಉತ್ತರ ಬರೆಯಬಾರದು ಎಂದಷ್ಟೇ ಹೇಳಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

ಎರಡು ದಿನ ಫೈಲಕ್ಕ ಕಾಗದ ಹರಿದು ಹರಿದು ಬುಟ್ಟಿ ತುಂಬಿಸಿದಳು. ಮಾನ್ಯರೇ ಎಂದು ಶುರು ಮಾಡಿದರೆ ಕಚೇರಿಯಾಗುತ್ತಿತ್ತು. ಮಾನ್ಯರೇ ಬಿಟ್ಟರೆ ಏನೆಂದು ಶುರು ಮಾಡುವುದು? ಅರವತ್ತೊಂದು ವರ್ಷದ ಹೆಂಗಸು, ತಲೆ ಬೆಳ್ಳಗಾಗಿದೆ, ನಗುವಿನ ಟೀಚರು ಯಾವಾಗಲೋ ಮುಗಿದುಹೋಗಿದ್ದಾಳೆ. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಅವಳನ್ನು. ಟೀಚರು ಕ್ಷೇಮವಾಗಿದ್ದಾರೆ, ವಿಳಾಸ ಲಭ್ಯವಿಲ್ಲ ಎಂದು ಎರಡು ಸಾಲು ಬರೆದರೆ ಅವಳು ಅಲ್ಲಿ ಹಾಗೇ ಉಳಿಯುತ್ತಾಳೆ, ವಯಸ್ಸಾಗದೆ. ಆ ಎರಡು ಸಾಲನ್ನೂ ಬರೆದಳು. ಸಹಿ ಹಾಕುವ ಜಾಗಕ್ಕೆ ಬಂದು ಅದನ್ನೂ ಹರಿದಳು. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಕೆಳಗೆ ಯಂತ್ರ ನಿಂತ ಹೊತ್ತು ನೋಡಿ, ಪತ್ರದ ತಲೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು.

ಆ ಕಡೆ ಒಂದು ಗಂಡಸಿನ ದನಿ ತನ್ನ ಭಾಷೆಯಲ್ಲಿ ಏನೋ ಹೇಳಿತು. ಒಕ್ಕೂಟದ ಕಾರ್ಯದರ್ಶಿ ಮಾತಾಡುತ್ತಿರುವುದು ಎಂದು ಇವಳು ತನ್ನ ಭಾಷೆಯಲ್ಲಿ ಹೇಳಿದಳು. ಮೂವತ್ತು ವರ್ಷದ ಅಭ್ಯಾಸ, ಬೇರೇನೂ ಬಾಯಿಗೆ ಬರಲಿಲ್ಲ. ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅಪ್ಪನ ಪಠ್ಯಪುಸ್ತಕದಿಂದ ಎದ್ದು ಬಂದಂಥ ಮಾತು, ಒಂದೊಂದಾಗಿ: "ಮಾನ್ಯರೇ, ನಮಸ್ಕಾರ. ನಮೂನೆ ಹನ್ನೆರಡನ್ನು ನಾನು ಈ ವರ್ಷವೂ ಕಳುಹಿಸಿಲ್ಲ. ದಯವಿಟ್ಟು ಕ್ಷಮಿಸಬೇಕು."

ಅದಕ್ಕಲ್ಲ, ನೀವೊಂದು ವಿಳಾಸ ಕೇಳಿದ್ದಿರಿ ಎಂದಳು ಅವಳು. ಅವರು ಇದ್ದಾರೆಯೇ ಎಂದು ಬಂದರಿನ ಮೇಷ್ಟ್ರು ಕೇಳಿದರು. ಇದ್ದಾರೆ. ದೂರ ಹೋಗಿದ್ದಾರೆಯೇ? ಇಲ್ಲ, ಅದೇ ಶಾಲೆಯಲ್ಲೇ ಇದ್ದಾರೆ, ತರಗತಿ ಬಿಟ್ಟರೇ ಹೊರತು ಶಾಲೆ ಬಿಡಲಿಲ್ಲ. ಮದುವೆ? ಆಗಲಿಲ್ಲ. ಒಂದೊಂದು ಉತ್ತರಕ್ಕೂ ಆ ಕಡೆ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಹೃದಯದ ವೈದ್ಯರು ನೆನಪಾಗಿ ಅವಳಿಗೆ ಭಯವಾಯಿತು. ಎಲ್ಲೋ ಪಕ್ಕದಲ್ಲಿ ಗಾಜಿನ ಲೋಟ ಇಟ್ಟ ಸದ್ದಾಯಿತು.

"ಮಾನ್ಯರೇ," ಎಂದರು ಅವರು ಕೊನೆಗೆ, "ಅವರು ನನ್ನನ್ನು ಎಂದಾದರೂ ನೆನೆಯುತ್ತಾರೆಯೇ? ತಮಗೆ ಗೊತ್ತಿದ್ದರೆ ಮಾತ್ರ ಹೇಳಿ."

ವಿಚಾರಿಸಿ ತಿಳಿಸುತ್ತೇವೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷದಲ್ಲಿ ಅದನ್ನು ಎಷ್ಟು ಜನಕ್ಕೆ ಹೇಳಿದ್ದಳೋ. ನುಂಗಿಕೊಂಡಳು.

"ನಮೂನೆ ಹನ್ನೆರಡು ಕಳಿಸಿ ಅಂತ ನಿಮಗೆ ವರ್ಷಕ್ಕೆ ಮೂರು ಸಲ ಕಾಗದ ಬರ್ತಿತ್ತಲ್ಲ," ಎಂದಳು. "ಬೇರೆ ಯಾವ ಶಾಲೆಗೂ ಒಂದಕ್ಕಿಂತ ಹೆಚ್ಚು ಹೋಗ್ಲಿಲ್ಲ. ಮೂವತ್ತು ವರ್ಷ ಅದನ್ನ ಬರೆದೋಳು ನಾನೇ."

ಕೆಳಗೆ ಅಂಗಡಿಯವನು ಯಂತ್ರ ಮತ್ತೆ ಶುರು ಮಾಡಿದ. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ನಾನು ಅವುಗಳನ್ನು ಒಡೆಯಲೂ ಇಲ್ಲ," ಎಂದರು ಅವರು. ಪಠ್ಯಪುಸ್ತಕದ ದನಿ ಒಡೆದುಹೋಗಿತ್ತು. "ಲಕೋಟೆ ಕಂಡ ಕೂಡಲೇ ಗುಮಾಸ್ತರಿಗೆ ಕೊಡುತ್ತಿದ್ದೆ. ಒಂದನ್ನೂ ಓದಲಿಲ್ಲ. ಅವುಗಳಲ್ಲಿ ಏನಿತ್ತು?"

ಒಂದೇ ಒಕ್ಕಣೆ, ವರ್ಷಕ್ಕೆ ಮೂರರಂತೆ ತೊಂಬತ್ತು ಸಲ: ನಿಗದಿತ ನಮೂನೆಯನ್ನು ಕೂಡಲೇ ಕಳುಹಿಸತಕ್ಕದ್ದು. ಅದರ ಪ್ರತಿಗಳು ಬೆನ್ನ ಹಿಂದಿನ ಬೀರುವಿನಲ್ಲೇ ಇದ್ದವು. ಫೈಲಕ್ಕ ತಿರುಗಿ ನೋಡಲಿಲ್ಲ.

"ಬನ್ನಿ ಅಂತ ಇತ್ತು," ಎಂದಳು.